ಬೇವಿನ ಮರದ ಕೆಳಗೆ ಒಯ್ದ ರೊಟ್ಟಿ

ಕೊರೊನಾ ಹಾವಳಿ ತಣ್ಣಗಾದ ಮರುವರ್ಷ ನನಗೆ ಕೊಪ್ಪಳದ ಹತ್ತಿರದ ಗಿಣಿಗೇರಾ ಸಭೆಗೆ ವರ್ಗವಾಯಿತು. ನಾನು ಸಭಾಪಾಲಕ, ಅಂದರೆ ಚರ್ಚಿನ ಪಾಸ್ಟರ್. ಈ ಭಾಗದ ಜನ ನಮ್ಮನ್ನು ‘ಅಯ್ಯನವರು’ ಎಂದು ಕರೆಯುತ್ತಾರೆ. ಮೊದಲು ಗಂಗಾವತಿ, ಕುಷ್ಟಗಿಗಳಲ್ಲಿ ಕೆಲಸ ಮಾಡಿದ್ದರಿಂದ ಸಭೆಯೊಳಗಿನ ಜಗಳಗಳು ನನಗೆ ಹೊಸವೇನಲ್ಲ. ಹಬ್ಬದ ಅಡುಗೆಗೆ ಯಾರು ಮುಂದಾಳು ಎಂಬಂಥವನ್ನು ಚಹಾ ಕುಡಿಯುತ್ತಲೇ ಬಗೆಹರಿಸುತ್ತಿದ್ದೆ. ಗಿಣಿಗೇರಾದಲ್ಲಿ ಎದುರಾದದ್ದು ಚಹಾಕ್ಕೆ ಬಗ್ಗುವಂಥದ್ದಾಗಿರಲಿಲ್ಲ.

ಅಲ್ಲಿಯವರು ಬಹುತೇಕ ಕಾರ್ಖಾನೆಯ ಕೆಲಸಗಾರರು. ಸಭೆಯ ಹಿರಿಯ ಸಾಮುವೇಲಪ್ಪ ನಿವೃತ್ತ ಫಿಟ್ಟರ್. ಚರ್ಚಿನ ಗೋಡೆ ಏಳುವಾಗ ಪಾಳಿ ಮುಗಿಸಿ ಬಂದು ಇಟ್ಟಿಗೆ ಹೊತ್ತವರು. ಅವರ ಹೆಂಡತಿ ಶಾಂತಮ್ಮನವರ ಎಡಗಾಲು ಕೃತಕ ಕಾಲು. ನಾನು ಅಲ್ಲಿಗೆ ಬರುವ ಕೆಲವು ವರ್ಷಗಳ ಹಿಂದೆ, ಕ್ರಿಸ್‌ಮಸ್ ಹಾಡು ಹಾಡಲು ಸುತ್ತಲಿನ ಊರುಗಳಿಗೆ ಹೋಗಿದ್ದ ತಂಡ ಸಂಜೆ ಹೊತ್ತಿಗೆ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಮರಳುತ್ತಿತ್ತು. ಓಡಿಸುತ್ತಿದ್ದವನು ಸಭೆಯಲ್ಲೇ ಬೆಳೆದ ಪ್ರೇಮಕುಮಾರ. ಕುಡಿದಿದ್ದ. ಗಾಡಿ ಉರುಳಿತು. ಉಳಿದವರಿಗೆ ತರಚು ಗಾಯ, ಶಾಂತಮ್ಮನವರ ಕಾಲು ಗಾಡಿಯ ಕೆಳಗೆ. ಪ್ರೇಮಕುಮಾರ ಅವರನ್ನು ಅಲ್ಲೇ ಬಿಟ್ಟು ಓಡಿಹೋದ. ಪೊಲೀಸರು ಹಿಡಿದರು, ಶಿಕ್ಷೆಯಾಯಿತು.

ನಾನು ಹೋದ ಮೇಲೆ ಬಂದ ಬೇಸಿಗೆಯಲ್ಲಿ ಅವನು ಬಿಡುಗಡೆಯಾಗಿ ಊರಿಗೆ ಮರಳಿದ. ಒಂದು ಮುಂಜಾನೆ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ.

“ಅಯ್ಯನವರ, ಕರ್ತನ ಭೋಜನಕ್ಕ ನಾನೂ ಬರಬಹುದೇನ್ರಿ? ನಾ ಯೋಗ್ಯ ಇಲ್ಲ, ಗೊತ್ತೈತ್ರಿ.”

ಕರ್ತನ ಭೋಜನ ಎಂದರೆ, ಯೇಸು ನಮಗಾಗಿ ಪ್ರಾಣ ಕೊಟ್ಟದ್ದನ್ನು ನೆನೆದು ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ನಮ್ಮಲ್ಲಿ ಅದು ತಿಂಗಳ ಮೊದಲ ರವಿವಾರ. ನಾನು ಹೇಳಿದೆ, “ಬಾ. ಆದ್ರ ಅದಕ್ಕೂ ಮೊದಲ ಶಾಂತಮ್ಮನವರ ಮನಿಗೆ ನಡಿ. ಅವರು ಕ್ಷಮಿಸಲಿ ಅಂತ ಅಲ್ಲ. ನೀ ಮಾಡಿದ್ದನ್ನ ಅವರ ಮುಂದ ನಿನ್ನ ಬಾಯಿಲೆ ಹೇಳಬೇಕು.”

ಅವನ ಜೊತೆ ನಾನೂ ಹೋದೆ. ಶಾಂತಮ್ಮ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಅವನು ಹೊಸ್ತಿಲ ಹೊರಗೇ ನಿಂತ.

“ಕುಡಿದಿದ್ದೆ ರೀ. ಗಾಡಿ ಬಿದ್ದಮ್ಯಾಲೆ ನೀವು ನನ್ನ ಹೆಸರು ಹಿಡಿದು ಕೂಗಿದ್ದು ಕೇಳಿಸ್ತು. ಆದ್ರೂ ಓಡಿದೆ.”

ಮೊರದ ಮೇಲಿನ ಅವರ ಕೈ ನಿಂತಿತು. “ಕೇಳಿಸಿತ್ತಾ?”

“ಕೇಳಿಸಿತ್ರಿ.”

“ಇಷ್ಟು ದಿನ ನಿನಗ ಕೇಳಿಸಿಲ್ಲ ಅಂತನ ತಿಳಕೊಂಡಿದ್ದೆ,” ಎಂದರು. ಅಷ್ಟರಲ್ಲಿ ಹಿತ್ತಲಿನಿಂದ ಬಂದ ಸಾಮುವೇಲಪ್ಪ ಅವನನ್ನು ಗದರಿಸಿ ಕಳಿಸಿದರು.

ನಾನು ಅವನನ್ನು ಭೋಜನಕ್ಕೆ ಕರೆದ ವಿಷಯ ತಿಳಿದು ಸಭೆ ಇಬ್ಭಾಗವಾಯಿತು. ಸಾಮುವೇಲಪ್ಪನವರು ಹೊರನಡೆದರೆ ನಾವೂ ನಡೆಯುತ್ತೇವೆ ಎಂದು ಹಲವು ಮನೆಯವರು ನನಗೇ ಹೇಳಿದರು. ಸಾಮುವೇಲಪ್ಪನವರಂತೂ ನೇರವಾಗಿ ಕೇಳಿದರು:

“ಒಂದು ವರ್ಷ ಹಿಂದಿನ ಬೆಂಚಿನ್ಯಾಗ ಕೂಡ್ಲಿ, ಆಮ್ಯಾಲೆ ನೋಡೋಣ. ನಾ ಹುಡುಗ ಇದ್ದಾಗಿಂದ ಈ ಸಭಾಕ್ಕ ದುಡದೀನಿ. ಅಂವ ನಮ್ಮಾಕಿ ಕಾಲು ತಗದಾನ. ಅಂವಗೂ ಅಷ್ಟ ರೊಟ್ಟಿ, ನನಗೂ ಅಷ್ಟ ಅಂದ್ರ ಇದ್ಯಾವ ನ್ಯಾಯ್ರಿ?”

“ನ್ಯಾಯ ಅಲ್ರಿ ಇದು. ನ್ಯಾಯ ಕೋರ್ಟಿನ್ಯಾಗ ಆಗೇತಿ. ಇದು ಕೃಪೆ,” ಎಂದೆ. ಸಂಪಾದಿಸದೆ ಸಿಗುವುದಕ್ಕೇ ನಮ್ಮ ನಂಬಿಕೆಯಲ್ಲಿ ಆ ಹೆಸರು.

“ಹಂಗಾದ್ರ ಅಂವ ಒಳಗ, ನಾ ಹೊರಗ,” ಎಂದು ಎದ್ದುಹೋದರು.

ನನ್ನ ತೀರ್ಮಾನದ ಬಗ್ಗೆ ನನಗೆ ಅನುಮಾನವಿರಲಿಲ್ಲ. ಆದರೆ ಏಟು ತಿಂದವರನ್ನು ಕೇಳದೆ ಮುಂದುವರಿಯುವುದು ಸರಿಯೆನಿಸಲಿಲ್ಲ. ಕೇಳಿದಾಗ ಶಾಂತಮ್ಮ ಅಳೆದು ತೂಗಿ ಮಾತಾಡಿದರು:

“ಅಂವನ ಮಾರಿ ನೋಡಿದ್ರ ಈಗೂ ಮೈ ಉರಿತೈತ್ರಿ. ಕ್ಷಮಿಸೀನಿ ಅಂತ ಸುಳ್ಳು ಹೇಳೂದಿಲ್ಲ. ಆದ್ರ ಆ ರೊಟ್ಟಿ ನಮ್ಮನ್ಯಾಗ ಬಡಿದದ್ದಲ್ಲ. ನಮಗ ಕೊಡ್ರಿ, ಅಂವಗ ಬ್ಯಾಡ ಅನ್ನಾಕ ನಾ ಯಾರು?”

ಭೋಜನದ ರವಿವಾರ ಪ್ರೇಮಕುಮಾರ ಸಾಲಿನ ಕೊನೆಗೆ ಮೊಣಕಾಲೂರಿದ. ಉಳಿದವರಿಗೆ ಕೊಟ್ಟಷ್ಟೇ ಕೊಟ್ಟೆ. ಶಾಂತಮ್ಮ ತಮ್ಮ ಜಾಗದಲ್ಲೇ ಕುಳಿತು ತೆಗೆದುಕೊಂಡರು, ಅವನತ್ತ ತಿರುಗಲಿಲ್ಲ. ಸಾಮುವೇಲಪ್ಪ ಹೆಂಡತಿಯನ್ನು ಸ್ಕೂಟರಿನಲ್ಲಿ ಕರೆತಂದು, ಅಂಗಳದ ಬೇವಿನ ಮರದ ಕೆಳಗೆ ಕುಳಿತಿದ್ದರು. ಎಲ್ಲರಿಗೂ ಕೊಟ್ಟ ಮೇಲೆ ನಾನು ತಟ್ಟೆ ಹಿಡಿದು ಹೊರಗೆ ಅವರ ಬಳಿ ಹೋದೆ. ಮುಖ ತಿರುಗಿಸಿದರು. ಮರುತಿಂಗಳೂ ಹೋದೆ, ಮತ್ತೆ ತಿರುಗಿಸಿದರು. ಎರಡು ಮನೆಯವರು ಆಗಲೇ ಕೊಪ್ಪಳದ ಬೇರೆ ಸಭೆ ಸೇರಿದ್ದರು.

ಅದರ ಮುಂದಿನ ತಿಂಗಳು ನಾನು ಹತ್ತಿರ ಬರುವ ಮೊದಲೇ ಸಾಮುವೇಲಪ್ಪ ಎದ್ದುನಿಂತರು. ಕಣ್ಣು ಕೆಂಪಾಗಿತ್ತು.

“ಮತ್ತ ಮತ್ತ ಯಾಕ ತರ್ತೀರಿ ಅಯ್ಯನವರ? ಎದಿಯಾಗ ಇಷ್ಟು ಸಿಟ್ಟು ಇಟಗೊಂಡು ಹೆಂಗ ತಗೊಳ್ಳಲಿ? ನಾ ಯೋಗ್ಯ ಇಲ್ರಿ.”

“ಪ್ರೇಮಕುಮಾರ ನಮ್ಮ ಮನಿ ಕಟ್ಟಿ ಮ್ಯಾಲೆ ಕುಂತು ಇದನ್ನ ಹೇಳಿದ್ದ,” ಎಂದೆ. “ಅಂವಗ ಕೊಟ್ಟೀನಿ. ನಿಮಗೂ ಕೊಡ್ತೀನಿ.”

ಅಷ್ಟು ವರ್ಷ ಆ ರೊಟ್ಟಿಯನ್ನು ದುಡಿಮೆಯ ಹಕ್ಕಿನಂತೆ ತೆಗೆದುಕೊಂಡಿದ್ದ ಮನುಷ್ಯ ಅಂದು ಎರಡೂ ಅಂಗೈ ಜೋಡಿಸಿ ಮುಂದೆ ಚಾಚಿದರು. ಒಳಗೆ ಹಾಡು ನಿಂತು ಜನ ಬಾಗಿಲಲ್ಲಿ ಸೇರಿದ್ದು ಅವರಿಗೆ ಕಾಣಲೂ ಇಲ್ಲ.

ಅವರೂ ಪ್ರೇಮಕುಮಾರನೂ ಗೆಳೆಯರೇನೂ ಆಗಲಿಲ್ಲ. ಪ್ರೇಮಕುಮಾರ ಮತ್ತೆ ಗಾಡಿ ಓಡಿಸಲಿಲ್ಲ, ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕೆ ಸೇರಿದ. ಶಾಂತಮ್ಮ ಅವನ ನಮಸ್ಕಾರಕ್ಕೆ ತಲೆಯಾಡಿಸಲು ಇನ್ನೊಂದು ವರ್ಷ ಬೇಕಾಯಿತು. ಅವರನ್ನು ಯಾರೂ ಅವಸರಪಡಿಸಲಿಲ್ಲ. ಸಾಮುವೇಲಪ್ಪ ತಮ್ಮ ಬೆಂಚಿಗೆ ಮರಳಿದರು.

ಈಗ ನಾನು ಯಲಬುರ್ಗಾದಲ್ಲಿದ್ದೇನೆ. ಯಾರಿಗೆ ಎಷ್ಟು ಸಲ್ಲಬೇಕು ಎಂದು ಇಲ್ಲಿಯೂ ಜನ ಕೇಳುತ್ತಾರೆ. ಅಪರಾಧಕ್ಕೆ ಶಿಕ್ಷೆ ಬೇಕು, ನೊಂದವರ ಮುಂದೆ ಸತ್ಯ ಹೇಳಲೇಬೇಕು. ಅದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಆದರೆ ಕರ್ತನ ಭೋಜನದ ಮುಂದೆ ನಿಂತಾಗ ನನ್ನ ಕೈಗೆ ಈ ಕೆಲಸ ಕೊಟ್ಟಿರುವುದು ತಟ್ಟೆ, ತಕ್ಕಡಿಯಲ್ಲ.