ಎಡಗೆನ್ನೆಯ ಯಜಮಾನರು

ಅವರ ಎಡಗೆನ್ನೆ ದಿನವೂ ನುಣ್ಣಗೆ ಹೊಳೆಯುತ್ತಿತ್ತು. ಬಲಗೆನ್ನೆಯಲ್ಲಿ ಮಾತ್ರ ಕುರುಚಲು ಬಿಳಿ ಗಡ್ಡ. ಕಾಮಾಕ್ಷಿಪಾಳ್ಯದ ಆ ಲೇತ್ ವರ್ಕ್‌ಶಾಪಿಗೆ ಮೊದಲ ಸಲ ಹೋದಾಗ, ಕ್ಷೌರದವನು ಅರ್ಧಕ್ಕೇ ಕೈಬಿಟ್ಟು ಓಡಿಹೋಗಿರಬೇಕು ಎಂದುಕೊಂಡೆ.

“ಇದು ಇನ್‌ಸ್ಟ್ರುಮೆಂಟು ಮೇಡಮ್, ದಿನಾ ಕ್ಲೀನ್ ಮಾಡ್ಬೇಕು,” ಎಂದು ಯಜಮಾನರು ಎಡಗೆನ್ನೆ ತಟ್ಟಿ ತೋರಿಸಿದರು. “ಬಲಗಡೇದು ಸುಮ್ನೆ ಮುಖ.”

ಪೈಪಿನಲ್ಲಿ ಗಾಳಿ ಎಲ್ಲಿ ಸೋರುತ್ತಿದ್ದರೂ ಆ ಕೆನ್ನೆ ಒಡ್ಡಿ ಪತ್ತೆ ಹಚ್ಚುತ್ತಿದ್ದರು. ಉಳಿದವರೆಲ್ಲ ಸೋಪಿನ ನೊರೆ ಬಳಿದು ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಾರೆ. ಇವರ ಲೆಕ್ಕದಲ್ಲಿ ಅದು ಕೈಲಾಗದವರ ಕೆಲಸ. “ಗಾಳಿ ಅಂದ್ರೆ ಪುಕ್ಕಟೆ ಅಲ್ಲ ಕಣ್ರೋ, ಕರೆಂಟು ಸುಟ್ಟು ತುಂಬಿರೋದು,” ಎಂದು ಕೆಲಸಗಾರರಿಗೆ ದಿನಕ್ಕೆರಡು ಸಲ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅಕ್ಕಪಕ್ಕದ ಶೆಡ್ಡುಗಳಲ್ಲಿ ಕಂಪ್ರೆಸರ್ ದಿನವಿಡೀ ಬಡಿದುಕೊಂಡರೆ, ಸೋರಿಕೆಯಿಲ್ಲದ ಇವರದು ಟ್ಯಾಂಕು ತುಂಬಲು ಆಗಾಗ ಎದ್ದು ಮತ್ತೆ ಮಲಗುತ್ತಿತ್ತು. ಸಿಟಿ ಬಸ್ಸಿನ ಬ್ರೇಕು ಗಾಳಿ ಬಿಟ್ಟು ‘ಬುಸ್’ ಎಂದಾಗಲೆಲ್ಲ ಮುಖ ಕಿವುಚುತ್ತಿದ್ದರು. ವಿಜಯನಗರದಲ್ಲಿ ಒಬ್ಬ ಡ್ರೈವರನಿಗೆ ಬುದ್ಧಿ ಹೇಳಲು ಹೋಗಿ ಬೈಸಿಕೊಂಡದ್ದೂ ಉಂಟು.

ನಾನು ಅವರ ಬಳಿ ಹೋದದ್ದು ವಿಮಾನದ ಕೆಲಸಕ್ಕೆ. ವಿಮಾನದೊಳಗೆ ಜನ ಉಸಿರಾಡಲೆಂದು ಗಾಳಿಯನ್ನು ಒತ್ತಿ ತುಂಬುತ್ತಾರೆ. ಹಳತಾದ ಗಾಳಿಯನ್ನು ಒಂದು ಕಿಂಡಿಯಿಂದ ಹೊರಕ್ಕೆ ಬಿಡುತ್ತಲೇ ಇರುತ್ತಾರೆ. ಇದನ್ನು ಕೇಳಿ ಯಜಮಾನರು ಸ್ಟೂಲಿನ ಮೇಲೆ ಕುಸಿದರು.

“ಬೇಕೂಂತ್ಲೇ ಬಿಡ್ತಾರಾ?”

“ಬಿಡ್ಲೇಬೇಕು ಸಾರ್. ಇಲ್ದಿದ್ರೆ ಹೊಸ ಗಾಳಿಗೆ ಜಾಗ ಎಲ್ಲಿ?”

“ಅಷ್ಟು ಫೋರ್ಸಲ್ಲಿ ಹೋಗೋದು, ಸುಮ್ನೆ ಆಕಾಶಕ್ಕಾ? ಅಯ್ಯೋ, ಓದಿದವರು ಕಣಮ್ಮ ನೀವೆಲ್ಲ!”

ಆ ಕಿಂಡಿಯಲ್ಲಿ ಪುಟ್ಟ ಚಕ್ರ ಕೂರಿಸಿ, ಹೊರಹೋಗುವ ಗಾಳಿಯ ರಭಸದಿಂದಲೇ ಅದನ್ನು ತಿರುಗಿಸಿ ಕರೆಂಟು ತೆಗೆಯುವುದು ನನ್ನ ಯೋಜನೆ. ಆಫೀಸಿನಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. ಒಂದೇ ಒಂದು ಪ್ರಯೋಗಕ್ಕೆ ಅವಕಾಶ. ಆ ಕರೆಂಟಿನಿಂದ ಒಂದು ಬಲ್ಬು ಹತ್ತದಿದ್ದರೆ ಯೋಜನೆಗೆ ಅಲ್ಲಿಗೇ ಎಳ್ಳುನೀರು. ಯಜಮಾನರು ಚಕ್ರವನ್ನು ಎರಡು ಸಲ ಮಾಡಿ ಬಿಸಾಡಿ, ಮೂರನೆಯದನ್ನು ಒಪ್ಪಿದರು. ವಿಮಾನದ ಬದಲು ಅವರ ಶೆಡ್ಡಿನಲ್ಲೇ ಒಂದು ದೊಡ್ಡ ಕಬ್ಬಿಣದ ಟ್ಯಾಂಕು. ಅದರ ಗಾಳಿ ಚಕ್ರವನ್ನು ದಾಟಿ, ಪೈಪಿನ ಕೊನೆಯ ತೂತಿನಿಂದ ಹೊರಬರಬೇಕು.

ಪ್ರಯೋಗದ ದಿನ ನಮ್ಮ ಮ್ಯಾನೇಜರ್ ಬಂದರು, ಎದೆಯವರೆಗೆ ಇಳಿದ ಗಡ್ಡದೊಂದಿಗೆ. ಕಂಪ್ರೆಸರ್ ಶುರುವಾಯಿತು. ಒತ್ತಡದ ಮುಳ್ಳು ಏರಿತು. ಚಕ್ರ ಅಲ್ಲಾಡಲಿಲ್ಲ. ಮುಳ್ಳು ಇನ್ನೂ ಏರಿ ಸೇಫ್ಟಿ ವಾಲ್ವ್ ಕಿರುಚಿಕೊಂಡಿತು. ಮ್ಯಾನೇಜರ ಕೈಯಲ್ಲಿದ್ದ ಕಾಫಿ ಗಡ್ಡದ ಪಾಲಾಯಿತು. ನಾನು ಕಂಪ್ರೆಸರ್ ನಿಲ್ಲಿಸಿ, ಪೈಪಿನ ಜಾಡು ಹಿಡಿದು ಕೊನೆಯವರೆಗೆ ಹೋಗಿ ನೋಡಿದರೆ, ಗಾಳಿ ಹೊರಬರಬೇಕಾದ ತೂತಿಗೆ ಥಳಥಳಿಸುವ ಹಿತ್ತಾಳೆಯ ಬಿರಡೆ!

“ಸಾರ್, ಇದ್ಯಾರು ಹಾಕಿದ್ದು?”

“ನಾನೇ. ಬೆಳಿಗ್ಗೆ ಚಕ್ರ ಕೂರಿಸೋಕೆ ಮುಂಚೆ ಗಾಳಿ ಬಿಟ್ಟು ನೋಡ್ದೆ. ಅಲ್ಲಿ ಸಿಕ್ಕಾಪಟ್ಟೆ ಹೋಗ್ತಿತ್ತು. ನಿಮ್ಗೆ ಹೆಲ್ಪ್ ಆಗ್ಲಿ ಅಂತ…”

ಆ ತೂತು ಕೊರೆದವರೂ ಅವರೇ. ಆದರೂ ಗಾಳಿ ಹೋಗುವುದನ್ನು ಕಂಡ ಮೇಲೆ ಕೈ ಸುಮ್ಮನಿದ್ದಿರಲಿಲ್ಲ.

ಟ್ಯಾಂಕಿನ ಗಾಳಿ ಇಳಿಸಿ, ಮುಖ ಆಚೆ ತಿರುಗಿಸಿಕೊಂಡು ಬಿರಡೆ ಬಿಚ್ಚಿದರು. ಮತ್ತೆ ಶುರು ಮಾಡಿದೆವು. ಚಕ್ರ ತಿರುಗಿತು, ಬಲ್ಬು ಹತ್ತಿತು. ಮ್ಯಾನೇಜರು ಮಾತ್ರ, “ಒಳಗೆ ಬ್ಯಾಟ್ರಿ ಏನಾದ್ರೂ ಇಟ್ಟಿದೀರಾ?” ಎಂದರು.

ಯಜಮಾನರು ತೂತಿಗೆ ಎಡಗೆನ್ನೆ ಒಡ್ಡಿ ಕಣ್ಣು ಮುಚ್ಚಿದರು. “ಬೆಳಿಗ್ಗೆ ಚಕ್ರ ಇಲ್ದಾಗ ಕೆನ್ನೆಗೆ ಹೊಡೆದಂಗೆ ಬರ್ತಿತ್ತು. ಈಗ ಮೆತ್ತಗೆ, ತಣ್ಣಗೆ ಬರ್ತಿದೆ. ದುಡಿದು ಸುಸ್ತಾಗಿರೋ ಗಾಳಿ ಸಾರ್ ಇದು.”

ಮ್ಯಾನೇಜರೂ ಬಗ್ಗಿ ಕೆನ್ನೆ ಒಡ್ಡಿದರು.

“ನಿಮ್ಗೆ ಗೊತ್ತಾಗಲ್ಲ ಸಾರ್. ಬೋಳಿಸ್ಕೊಂಡು ಬನ್ನಿ.”

ಚಕ್ರ ತಿರುಗಿಸಿ ಶಕ್ತಿ ಕಳೆದುಕೊಂಡ ಗಾಳಿ ತಣ್ಣಗಾಗಲೇಬೇಕು; ಕೊನೆಗೆ ಮ್ಯಾನೇಜರು ಥರ್ಮಾಮೀಟರ್ ತರಿಸಿ ಅಳೆದರು. ಕೆನ್ನೆ ಹೇಳಿದ್ದೇ ನಿಜವಾಗಿತ್ತು. ಯೋಜನೆ ಉಳಿಯಿತು, ನಾನೂ ಉಳಿದೆ. ಇವತ್ತು ಆ ಕೆಲಸದಲ್ಲಿ ನನಗೊಂದು ಹೆಸರಿದ್ದರೆ ಅದರಲ್ಲಿ ಅರ್ಧ ಆ ಕೆನ್ನೆಯದು.

ಕಳೆದ ವರ್ಷ ಅವರು ನಿದ್ದೆಯಲ್ಲೇ ಹೋದರು. ಕಡೆಯ ಸಲ ನೋಡಲು ಹೋದವಳು ಗುರುತು ಸಿಗದೆ ಬಾಗಿಲಲ್ಲೇ ನಿಂತೆ. ಎರಡೂ ಕೆನ್ನೆ ನುಣ್ಣಗಿದ್ದವು. “ಮದ್ವೆ ದಿನ ಬಿಟ್ರೆ ಇವತ್ತೇ ನೋಡಮ್ಮ, ಪೂರ್ತಿ ಮುಖ ತೋರಿಸ್ತಿರೋದು,” ಎಂದರು ಅವರ ಹೆಂಡತಿ. ನನಗೆ ನಗು ಬಂತು. ನಗುತ್ತಲೇ ಅತ್ತುಬಿಟ್ಟೆ.

ತಿಥಿ ಮುಗಿದ ಮೇಲೆ ವರ್ಕ್‌ಶಾಪ್ ಮತ್ತೆ ತೆರೆದರು. ನಾನು ಹೋದಾಗ ಕಂಪ್ರೆಸರ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು, ಯಾರೂ ತಲೆ ಎತ್ತಿರಲಿಲ್ಲ. ಚೀಲ ಕೆಳಗಿಟ್ಟು, ಪೈಪಿನ ಉದ್ದಕ್ಕೂ ಎಡಗೆನ್ನೆ ಒಡ್ಡುತ್ತಾ ಹೋದೆ. ಮೂಲೆಯ ಜಾಯಿಂಟಿನಲ್ಲಿ ಸೋರಿಕೆ ಸಿಕ್ಕಿತು. ಅವರ ಸ್ಪ್ಯಾನರ್ ತೆಗೆದುಕೊಂಡು ಬಿಗಿ ಮಾಡಿದೆ. ಸ್ವಲ್ಪ ಹೊತ್ತಿಗೆ ಕಂಪ್ರೆಸರ್ ಸುಮ್ಮನಾಯಿತು.