ಸತ್ತಂತಿವೆ

ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಹುಳದಮ್ಮ ಎನ್ನುತ್ತಿದ್ದೆವು. ಮೊದಮೊದಲು ಸಿಡುಕುತ್ತಿದ್ದಳು, ಆಮೇಲೆ ಅದೇ ಹೆಸರಿಗೆ ಓಗೊಟ್ಟಳು. ಇಪ್ಪತ್ತಾರು ವರ್ಷ ಹುಳು ಸಾಕಿದಳು, ಅವು ಸಾಯುವುದನ್ನು ನೋಡಿದಳು.

ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ತಯಾರಿಸುವ ವಿಷ ಎಲೆ ತಿನ್ನುವ ಹುಳುವಿನ ಕರುಳನ್ನು ಒಡೆಯುತ್ತದೆ. ಆ ವಿಷದ ಜೀನನ್ನು ತಿದ್ದಿ ಇನ್ನಷ್ಟು ಬಲಪಡಿಸುವುದು ವಿಜ್ಞಾನಿಯ ಕೆಲಸ. ತಿದ್ದಿದ್ದು ಫಲಿಸಿತೇ ಎಂದು ಹೇಳುವುದು ಹುಳದಮ್ಮನ ಕೆಲಸ. ಕೋಸಿನ ಎಲೆಯ ಚೂರುಗಳನ್ನು ವಿಷದಲ್ಲಿ ಅದ್ದಿ, ಆರಿಸಿ, ಬಟ್ಟಲಿಗೊಂದರಂತೆ ಹುಳು ಬಿಡುವಳು. ಮೂರನೆಯ ದಿನ ಕುಂಚದ ತುದಿಯಿಂದ ಮುಟ್ಟುವಳು. ಅಲುಗಿದರೆ ಬದುಕಿದೆ, ಇಲ್ಲದಿದ್ದರೆ ಸತ್ತಿದೆ.

ಹೊಸ ವಿಷದ ಕೊನೆಯ ಪರೀಕ್ಷೆಗೆ ಹುಳು ತಂದದ್ದು ಅವಳ ಅಕ್ಕನ ಕೋಸಿನ ತೋಟದಿಂದ.

"ನನ್ನ ತೋಟದ ಹುಳಕ್ಕೆ ಬಟ್ಟಲಲ್ಲಿ ಊಟ! ನನ್ನನ್ನ ಒಂದಿನ ಕರೆದು ಬಡಿಸಿದ್ದೀಯೇನೇ?" ಎಂದು ಅಕ್ಕ ನಕ್ಕಿದ್ದಳು.

ಮೂರನೆಯ ದಿನ ನೂರರಲ್ಲಿ ತೊಂಬತ್ತಮೂರು ಕಪ್ಪಗಾಗಿ ಸತ್ತಿದ್ದವು. ಏಳು ಮಾತ್ರ ಹಸಿರಾಗಿಯೇ ಮುದುಡಿ ಬಿದ್ದಿದ್ದವು. ಮುಟ್ಟಿದರೂ ಅಲುಗಲಿಲ್ಲ. ಅವಳು 'ಸತ್ತಂತಿವೆ' ಎಂದು ಬರೆದಳು.

"ಇದೇನಮ್ಮ, ಸತ್ತಂತಿವೆ?" ವಿಜ್ಞಾನಿ ಕೇಳಿದ. "ಇಲ್ಲಿರೋದು ಎರಡೇ ಕಾಲಂ. ನಿಮ್ಮ ಹುಳ ನಾಟಕ ಆಡ್ತಿದೆಯಾ?"

"ಇನ್ನೆರಡು ದಿನ ಬರೀ ಎಲೆ ಕೊಟ್ಟು ನೋಡೋಣ ಸರ್."

"ಅಲುಗಾಡ್ತಾ?"

"ಇಲ್ಲ."

"ಮತ್ತೆ? ವರದಿ ಇವತ್ತೇ ಹೋಗ್ಬೇಕು."

ನಿಯಮ ಅವನ ಕಡೆಗಿತ್ತು. ಅವಳು ಬರೆದದ್ದನ್ನು ಹೊಡೆದುಹಾಕಿ 'ಸತ್ತಿವೆ' ಎಂದು ಬರೆದಳು. ಬಟ್ಟಲುಗಳನ್ನು ಬಿಸಿನೀರಿಗೆ ಸುರಿಯುವಾಗ ಒಂದು ಹುಳು ತಲೆಯೆತ್ತಿದ ಹಾಗಾಯಿತು. ಕಣ್ಣಿನ ಭ್ರಮೆ ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

"ಬೇರೆ ಔಷಧಿ ಬೇಡ ಅಕ್ಕಾ, ಇದೊಂದೇ ಸಾಕು. ನಾನೇ ಕಣ್ಣಾರೆ ನೋಡಿದೀನಿ" ಎಂದು, ಆ ವಿಷ ಔಷಧಿಯಾಗಿ ಅಂಗಡಿಗೆ ಬಂದಾಗ ಅಕ್ಕನಿಗೆ ಹೇಳಿದಳು. ತಂಗಿಯ ಮಾತೆಂದರೆ ಅಕ್ಕನಿಗೆ ಎರಡು ಮಾತಿಲ್ಲ. ಎರಡು ಬೆಳೆ ಚೆನ್ನಾಗಿಯೇ ಬಂದವು. ಮೂರನೆಯದರಲ್ಲಿ ಎಲೆಗಳು ಜರಡಿಯಾದವು. ಸತ್ತ ಹುಳುಗಳಿಗೆ ಸಂತಾನವಿರಲಿಲ್ಲ, ಆ ಏಳರಂಥವಕ್ಕೆ ಮಾತ್ರ ಇತ್ತು.

ಹುಳದಮ್ಮ ತೋಟಕ್ಕೆ ಹೋಗಿ, ವಿಷ ಹೊಡೆದ ಎಲೆಯ ಮೇಲಿನ ಹುಳುವನ್ನು ಕುಂಚದಿಂದ ಮುಟ್ಟಿದಳು. ಅದು ಮುದುಡಿ ಬಿತ್ತು. ಕಾದಳು. ಬಹಳ ಹೊತ್ತಿನ ಮೇಲೆ ಅದು ಮೆಲ್ಲಗೆ ತಲೆ ಹೊರಳಿಸಿ ತಿನ್ನತೊಡಗಿತು.

"ಅಕ್ಕಾ, ಇದನ್ನ ನಾನು ಅವತ್ತೇ ನೋಡಿದ್ದೆ" ಎಂದು ಎಲ್ಲವನ್ನೂ ಹೇಳಿದಳು.

ಅಕ್ಕ ಕೂಗಾಡಲಿಲ್ಲ. "ಅನುಮಾನ ಇದೆ ಅಂತ ಒಂದು ಮಾತು ಅಂದಿದ್ರೆ, ನಾನೂ ಒಂದು ಕಣ್ಣಿಟ್ಟಿರ್ತಿದ್ದೆ ಕಣೇ" ಎಂದಳು, ಅಷ್ಟೇ.

ಅಕ್ಕ ಈಗಲೂ ಫೋನು ಮಾಡುತ್ತಾಳೆ. ಮೊಣಕಾಲು ನೋವು, ಮೊಮ್ಮಗಳ ತುಂಟತನ, ಎಲ್ಲವೂ ಬರುತ್ತದೆ. ತೋಟಕ್ಕೆ ಏನು ಹೊಡೆಯಲಿ ಎಂದು ಮಾತ್ರ ಕೇಳುವುದಿಲ್ಲ.

"ದೇವರ ಹತ್ತಿರ ದಿನಾ ಕ್ಷಮೆ ಕೇಳ್ತೀನಿ. ಅವನು ಕೊಟ್ಟೂ ಇರಬಹುದು" ಎಂದಳು ಹುಳದಮ್ಮ ನನಗೆ. "ಆದರೆ ಏನು ಹೊಡೆಯಲಿ ಅಂತ ಅಕ್ಕ ಕೇಳಬೇಕಲ್ಲ."