ಹುತ್ತದ ಚೌಕ

ಪಾಪಮ್ಮ, ಹುತ್ತವಿದ್ದ ಆ ಚೌಕವನ್ನು ನಾನು ಹುಡುಕಿರಲಿಲ್ಲ. ಹುಡುಕದೆಯೇ ಮೂಲೆಗೆ ಕಲ್ಲಿಟ್ಟೆ. ನಿನಗೆ ಓಲೆಗಳ್ಳಿ ಅನ್ನುವ ಹೆಸರು ಬಂದದ್ದು ಆ ಕಲ್ಲಿನಿಂದ — ನನ್ನಿಂದ.

ಅತ್ತೆಯ ಕಿವಿಯೋಲೆ ಸಿಕ್ಕಿತು ಕಣಮ್ಮ. ಹುಡುಕಿ ತೆಗೆದವಳು ನನ್ನ ಮೊಮ್ಮಗಳು ಗೌರಿ. ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ, ಅವಳ ವಿಚಾರವನ್ನೇ ಮೊದಲು ಹೇಳಿಬಿಡೋಣ ಅನ್ನಿಸುತ್ತದೆ — ಅವಳಿಗೆ ಬರುವುದೇ ಅಷ್ಟೋ ಇಷ್ಟೋ ಅಕ್ಷರ. ಆದರೆ ತಪ್ಪು ಮೊದಲು.

ನಿನ್ನ ತಂಗಿಯ ಮದುವೆಗೆಂದು ಅತ್ತೆ ತಮ್ಮ ಓಲೆಗಳನ್ನು ಕಿರಿಸೊಸೆಯಾದ ನಿನ್ನ ಕಿವಿಗೆ ಹಾಕಿ ಕಳಿಸಿದ್ದರು. ಮದುವೆ ಮುಗಿಸಿ ಬಂದವಳು ಮನೆಗೂ ಹೋಗದೆ ಕಳೆ ಕೀಳಲು ಹೊಲಕ್ಕೇ ಇಳಿದೆ. ಸಂಜೆ ನೋಡಿದರೆ ಒಂದು ಕಿವಿ ಬರಿದು. ಮಾರನೆಯ ಬೆಳಿಗ್ಗೆ ಮಾವ ಹೊಲದ ಉದ್ದಕ್ಕೂ ಅಡ್ಡಕ್ಕೂ ಹಗ್ಗ ಎಳೆದು ಚೌಕ ಮಾಡಿದರು. ಚೌಕಕ್ಕೊಬ್ಬರು. ಮಂಡಿಯೂರಿ ಬೆರಳಿನಿಂದ ಮಣ್ಣು ಕೆದಕಬೇಕು, ಮುಗಿದರೆ ಮೂಲೆಗೊಂದು ಕಲ್ಲು. ಕಲ್ಲು ಬಿದ್ದ ಚೌಕವನ್ನು ಯಾರೂ ಮತ್ತೆ ನೋಡುವುದಿಲ್ಲ.

ಬದುವಿನ ಪಕ್ಕದ್ದು ಹಿರಿಸೊಸೆಯಾದ ನನಗೆ ಬಂತು. ಅದರಲ್ಲಿ ಹುತ್ತ, ಸುತ್ತ ಮುಳ್ಳುಪೊದೆ. ನಾನಾಗ ಬಸುರಿ. ಹಿಂದೊಮ್ಮೆ ಬಸುರು ನಿಲ್ಲದೆ ಹೋಗಿದ್ದರಿಂದ ಯಾರಿಗೂ ಬಾಯಿ ಬಿಟ್ಟಿರಲಿಲ್ಲ, ಗಂಡನಿಗೂ. ಬಸುರಿ ಹುತ್ತ ಕೆದಕಿದರೆ ನಾಗರದೋಷ ಅಂತ ನಮ್ಮವ್ವ ಹೇಳಿದ್ದಳು. ಬೇರೆ ಚೌಕ ಕೇಳಿದರೆ ಯಾಕೆ ಅನ್ನುತ್ತಾರೆ. ಬಗ್ಗಿದ ಹಾಗೆ ಮಾಡಿದೆ, ಎದ್ದೆ —

"ಏನಮ್ಮಾ, ಅಲ್ಲೈತಾ?" ಮಾವ ಕೂಗಿ ಕೇಳಿದರು.

"ಇಲ್ಲಿಲ್ಲ ಮಾವ. ಎಲ್ಲಾ ನೋಡ್ದೆ."

ಅಷ್ಟೇ ಮಾತು. ಹೊಲದಲ್ಲಿಲ್ಲ ಅಂದಮೇಲೆ ನೀನೇ ಅದನ್ನು ಉರಿಗಾಂ ಚಿನ್ನದ ಗಣಿಯಲ್ಲಿ ಕೂಲಿಗಿದ್ದ ನಿನ್ನ ಅಣ್ಣನಿಗೆ ಕೊಟ್ಟಿರಬೇಕು ಎಂದಾಯಿತು. "ದಿನಾ ಚಿನ್ನ ಅಗಿಯೋರ್ಗೆ ನಮ್ಮನೆ ಓಲೇನೂ ಬೇಕಾಯ್ತಾ?" ಅಂದರು ಅತ್ತೆ. ನೀನು ನನ್ನ ಮುಖ ನೋಡಿದೆ. ನಾನು ಒಲೆ ಊದುತ್ತಿದ್ದೆ. ನೀನೂ ಮೈದುನನೂ ಗಂಟು ಕಟ್ಟಿಕೊಂಡು ಉರಿಗಾಂ ಕೂಲಿ ಲೈನಿನ ಸಾಲುಮನೆಗೆ ಹೋದಿರಿ. ಆ ಹೆಸರೂ ನಿಮ್ಮ ಹಿಂದೆಯೇ ಅಲ್ಲಿಗೆ ಬಂತಂತೆ. ಹೊಟ್ಟೆ ಕಾಣಿಸಿಕೊಂಡ ಮೇಲಾದರೂ ಹೇಳಬಹುದಿತ್ತು. ಮಗ ಹುಟ್ಟಿದ ಮೇಲಾದರೂ — ಹೇಳಲಿಲ್ಲ.

ಆ ಮಗನ ಮಗಳೇ ಗೌರಿ. ಅವಳದೊಂದು ಆಟವಿದೆ. ಅಂಗಳದಲ್ಲಿ ಇದ್ದಿಲಿನಿಂದ ಚೌಕಗಳನ್ನು ಬರೆದು, ಒಂದನ್ನು ಮನಸ್ಸಿನಲ್ಲಿ ಇಟ್ಟುಕೋ ಅನ್ನುತ್ತಾಳೆ. ಹುಡುಕುವ ಸರದಿ ನನ್ನದಾದರೆ ಇದಾ, ಇದಾ ಅಂತ ಒಂದೊಂದನ್ನೇ ಕೇಳಿ ಸೋಲುತ್ತೇನೆ. ಅವಳು ನಡುವೆ ಕಡ್ಡಿ ಇಟ್ಟು, ಆಚೆಗೋ ಈಚೆಗೋ ಅಂತ ಕೇಳುತ್ತಾಳೆ. ಒಂದೇ ಮಾತಿಗೆ ಅರ್ಧ ಅಂಗಳ ಲೆಕ್ಕದಿಂದ ಬಿದ್ದುಹೋಯಿತು. ಉಳಿದರ್ಧಕ್ಕೆ ಮತ್ತೆ ಕಡ್ಡಿ. ನಾನು ಎಲೆ ಮಡಿಸಿ ಬಾಯಿಗಿಡುವಷ್ಟರಲ್ಲಿ ಅವಳ ಬೆರಳು ಬಂದು ನಾನು ನೆನೆದ ಚೌಕದ ಮೇಲೇ ಕೂತಿರುತ್ತದೆ.

ಒಂದು ದಿನ ಕೀಟಲೆಗೆ ಸುಳ್ಳು ಹೇಳಿದೆ. ಕೊನೆಗೆ ಅವಳು ಬೆರಳಿಟ್ಟ ಚೌಕ ನಾನು ನೆನೆದದ್ದಲ್ಲ.

"ಅಜ್ಜೀ, ನನ್ ಕಡ್ಡಿ ತಪ್ಪಿಲ್ಲ. ನೀನೇ ಎಲ್ಲೋ ಸುಳ್ಳೇಳಿದ್ದೀಯ."

ಯಾರದೋ ಕಥೆ ಅನ್ನುವ ಹಾಗೆ ನಮ್ಮ ಹೊಲದ ಸಂಗತಿ ಹೇಳಿದೆ. ಜಡೆಯ ತುದಿ ಕಚ್ಚಿಕೊಂಡು ಕೇಳಿದಳು.

"ಎಲ್ಲಾ ಮೂಲೇಲೂ ಕಲ್ಲೈತೆ, ಓಲೆ ಸಿಕ್ಕಿಲ್ಲ ಅಂದ್ರೆ ಒಂದು ಕಲ್ಲು ಸುಳ್ಳು. ಹೊಲ ಎಲ್ಲಾ ಯಾಕೆ ಅಗೀಬೇಕು? ಜನ ಎದ್ರುಕೊಳ್ಳೋ ಜಾಗ ಯಾವ್ದೇಳಜ್ಜಿ, ಅಲ್ಲಿಂದ ಸುರು ಮಾಡಾನ."

ಹೇಳು ಪಾಪಮ್ಮ, ಇಷ್ಟು ಪುಟ್ಟ ತಲೆಯಲ್ಲಿ ದೇವರು ಏನಿಟ್ಟಿದ್ದಾನೆ? ಅಷ್ಟು ದೊಡ್ಡ ಹೊಲ ಬಿಟ್ಟು ನನ್ನ ಭಯವನ್ನು ಹುಡುಕಿದಳು.

ಮಾರನೆಯ ಬೆಳಿಗ್ಗೆ ಅವಳನ್ನು ನಮ್ಮ ಹೊಲದ ಬದುವಿಗೆ ಕರೆದೊಯ್ದೆ. ಹುತ್ತ ಮಳೆಗೆ ಕರಗಿ ಎಂದೋ ದಿಬ್ಬವಾಗಿತ್ತು. ನೇಗಿಲು ಅಲ್ಲಿಗೆ ಹೋದದ್ದೇ ಇಲ್ಲ. ಗೌರಿ ಕಡ್ಡಿ ನೆಟ್ಟು ಸಣ್ಣ ಸಣ್ಣ ಚೌಕ ಮಾಡಿ, ಅವತ್ತು ನೀನು ಹೊಲಕ್ಕಿಳಿದ ಕಾಲುದಾರಿ ಕಡೆಯಿಂದ ಮಣ್ಣು ಜರಡಿ ಹಿಡಿದಳು. ಬಿಸಿಲೇರುವ ಮೊದಲೇ ಜರಡಿಯಲ್ಲಿ ಓಲೆ ಉಳಿಯಿತು. ಮಣ್ಣು ಒರೆಸಿದರೆ ಅದೇ ಹೊಳಪು. ನಾನು ಕೂತುಬಿಟ್ಟೆ. ಅವಳನ್ನು ತಬ್ಬಿಕೊಂಡೆ, ನಗುವೋ ಅಳುವೋ ನನಗೇ ತಿಳಿಯಲಿಲ್ಲ.

ಮನೆಯವರೆಲ್ಲ ಓಡಿ ಬಂದರು. "ಇಲಿ ಎಳ್ಕೊಂಡೋಗಿರ್ಬೇಕು ಬುಡವ್ವಾ, ಪಾಪ, ಯಾರ್ ತಪ್ಪೂ ಅಲ್ಲ," ಅಂದ ಮಗ. ಎಲ್ಲರೂ ಹೂಂಗುಟ್ಟಿದರು. ಗೌರಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಇಲಿ ಅಲ್ಲಪ್ಪ. ಈ ಚೌಕ ನಂದು. ನಾನು ನೋಡಿರ್ಲಿಲ್ಲ."

ಅತ್ತೆ ಮಾವ ಇದನ್ನು ಕೇಳದೆಯೇ ಹೋದರು. ಅದನ್ನು ಸರಿ ಮಾಡಲು ನನ್ನಿಂದಾಗದು. ಭಾನುವಾರ ಕಾಮಸಮುದ್ರದಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಬದಲಿಸಿ ಉರಿಗಾಂಗೆ ಬರುತ್ತೇನೆ. ನಿನ್ನ ಕಿವಿಯಲ್ಲಿ ಪಿಸುಗುಟ್ಟಿ ಹೋಗುವುದಿಲ್ಲ — ಲೈನಿನ ನಲ್ಲಿ ಮುಂದೆ ಹೆಂಗಸರು ಕೊಡ ಹಿಡಿದು ನಿಂತಿರುವಾಗ, ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಆಮೇಲೆ ನಿನ್ನ ಬಾಗಿಲಿಗೆ ಬರುತ್ತೇನೆ. ತೆಗೆಯುವುದು, ಬಿಡುವುದು ನಿನ್ನದು.